ಬಿಳಿ ಚುಕ್ಕೆ

ನಮ್ಮ ಭಾವನ ಗಾಡಿ ರಿಪೇರಿ ಶೆಡ್ಡಿನಲ್ಲಿ ಇದ್ದದ್ದು ಒಂದೇ ಕಾನೂನು: ಕೈತಪ್ಪು ಮಾಡಿದವನು ಮನೆಗೆ ಹೋಗಬೇಕು. ಎರಡು ವರ್ಷದ ಹಿಂದೆ ಒಡಹುಟ್ಟಿದ ತಮ್ಮನನ್ನೇ ಹಾಗೆ ಕಳಿಸಿದ್ದರು. ಅವನು ಕಟ್ಟಿದ ಇಂಜಿನ್ನಿನಲ್ಲಿ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನ್ ಒಂದು ಹಲ್ಲು ಆಚೆ ಕೂತಿತ್ತು. ಅವನೇ ಬಿಚ್ಚಿ, ಅವನೇ ಸರಿಮಾಡಿ, "ಒಂದು ಹಲ್ಲು ತಪ್ಪಿತ್ತು ಅಣ್ಣ" ಎಂದಷ್ಟೇ ಹೇಳಿದ್ದ. ಭಾವ ಗಿರಾಕಿಯ ಎದುರಿಗೇ ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು. ಆಮೇಲೆ ಅವನು ಗೋದಾಮಿನ ಗೇಟು ಕಾಯತೊಡಗಿದ. ಅಣ್ಣತಮ್ಮಂದಿರಿಗೆ ಮಾತು ನಿಂತುಹೋಯಿತು.

ಅವನ ಜಾಗಕ್ಕೆ ಬಂದವನು ನಾನು, ಭಾವನ ಹೆಂಡತಿಯ ತಮ್ಮ. ಬಾಮೈದ ಎಂದರೆ ಬಿಟ್ಟಿ ಬೈಗುಳಕ್ಕೆ ಸಿಕ್ಕವನು ಎಂದೇ ಅವರ ಲೆಕ್ಕ. ನಾನೂ ಬಾಯಿಗೆ ಬೀಗ ಹಾಕಿಕೊಂಡು ಹುಟ್ಟಿದವನಲ್ಲ.

ಒಮ್ಮೆ ಬೇಕರಿಯವನ ವ್ಯಾನಿನ ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿದೆವು. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಪ್ಯಾಕಿಂಗು. ನಾಲ್ಕನೇ ದಿನಕ್ಕೆ ಅವನು ಮುಖ ಊದಿಸಿಕೊಂಡು ವಾಪಸ್ ಬಂದ.

"ಮೊದಲಾದ್ರೂ ಕೆಮ್ಮಿಕೊಂಡು ದಿಬ್ಬ ಹತ್ತುತ್ತಿತ್ತು. ಈಗ ಬ್ರೆಡ್ ಇಳಿಸಿ ತಳ್ಳಬೇಕು."

ವ್ಯಾಕ್ಯೂಮ್ ಗೇಜ್ ಹಾಕಿದೆ. ಇಂಜಿನ್ ಎಷ್ಟು ಗಟ್ಟಿಯಾಗಿ ಉಸಿರು ಎಳೆಯುತ್ತದೆ ಎಂದು ತೋರಿಸುವ ಮೀಟರು ಅದು. ನಿಂತಲ್ಲೇ ಓಡುವಾಗ ಮುಳ್ಳು ಹದಿನೆಂಟು ಮುಟ್ಟಬೇಕು. ಇದು ಹನ್ನೆರಡಕ್ಕೆ ಬಂದು ಅಲ್ಲಾಡದೆ ನಿಂತಿತು. ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ಎಂದು ಸಂದಿಸಂದಿಗೂ ಎಣ್ಣೆ ಬಿಟ್ಟು ನೋಡಿದೆ. ಕಾರ್ಬುರೇಟರ್ ಎರಡು ಸಲ ತೊಳೆದೆ. ವಾಲ್ವಿನ ಗ್ಯಾಪು ಮತ್ತೆ ಹಿಡಿದೆ. ಮುಳ್ಳು ಜಪ್ಪಯ್ಯ ಎನ್ನಲಿಲ್ಲ. ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ನಾಲ್ಕೂ ಸಿಲಿಂಡರಿನಲ್ಲಿ ಒಂದೇ ಸಮ ಕಡಿಮೆ ಇತ್ತು.

"ರಿಂಗು ಇನ್ನೂ ಕೂತಿಲ್ಲ. ಓಡ್ತಾ ಓಡ್ತಾ ಸರಿಹೋಗುತ್ತೆ," ಎಂದರು ಭಾವ.

"ಒಂದ್ಸಲ ಚೈನ್ ನೋಡೋಣ ಭಾವ."

"ಅಲ್ಲೇನಿದೆ ನೋಡೋಕೆ? ಚುಕ್ಕೆ ಇಟ್ಟಿರೋದು ನಾನು."

ಚೈನಿನ ಎರಡು ಚಕ್ರಗಳಲ್ಲೂ ಒಂದೊಂದು ಹಲ್ಲಿನ ಮೇಲೆ ಸೂಜಿಮೊನೆಯಷ್ಟು ಗುರುತು ಇರುತ್ತದೆ. ಆ ಎರಡು ಗುರುತು ಎದುರುಬದುರು ಬರಬೇಕು. ಬೇರೆ ಕಡೆ ಚೈನ್ ಕೂರಿಸುವವನೇ ಗುರುತು ಹುಡುಕಿಕೊಳ್ಳುತ್ತಾನೆ. ನಮ್ಮಲ್ಲಿ ಭಾವ ಅದರ ಮೇಲೆ ಬಿಳಿ ಬಣ್ಣದ ಚುಕ್ಕೆ ಇಡುತ್ತಿದ್ದರು. ನಾವು ಬಿಳಿಗೆ ಬಿಳಿ ಕೂಡಿಸಿದರೆ ಮುಗಿಯಿತು. ಅದನ್ನು ಯಾರೂ ಅನುಮಾನಿಸಿದ್ದಿಲ್ಲ. ಚೈನ್ ಕೂರಿಸಿದವನು ನಾನಾದ್ದರಿಂದ ತಪ್ಪಿದ್ದರೆ ಅದು ನನ್ನದೇ. ಮುಂದಿನ ಗೇಟು ಕಾಯುವವನು ನಾನೇ ಎಂದು ಹೆದರಿಕೆಯಾಯಿತು.

ಮೂರನೇ ದಿನ ಮಧ್ಯಾಹ್ನ ಚೈನಿನ ಮುಚ್ಚಳ ಬಿಚ್ಚಿದೆ. ಬಿಳಿಯ ಎದುರು ಬಿಳಿ ನೆಟ್ಟಗೆ ನಿಂತಿತ್ತು.

"ನೋಡಿದ್ಯಾ? ಮುಚ್ಚು," ಎಂದು ಭಾವ ನಲ್ಲಿಯ ಕಡೆ ಹೋದರು.

ಹೋದ ಜೀವ ಬಂದಂತಾಯಿತು. ಆದರೆ ಮೂರು ದಿನ ನೀರಿನಲ್ಲಿ ಹೋಮ ಮಾಡಿದ ಸಿಟ್ಟು ಇತ್ತಲ್ಲ, ಪೆಟ್ರೋಲ್ ಬಟ್ಟೆಯಲ್ಲಿ ಚಕ್ರವನ್ನು ಗಸಗಸ ತಿಕ್ಕಿದೆ. ಬಣ್ಣ ಹೋಯಿತು. ಅದರ ಕೆಳಗೆ ಇದ್ದದ್ದು ಗುರುತಲ್ಲ, ಹಳೆಯ ಏಟಿನ ಕಚ್ಚು. ನಿಜವಾದ ಗುರುತು ಪಕ್ಕದ ಹಲ್ಲಿನ ಮೇಲಿತ್ತು.

ಕೆಲವು ತಿಂಗಳಿಂದ ಭಾವ ಟೀಯನ್ನು ಲೋಟದ ಹೊರಗೆ ಸುರಿಯುತ್ತಿದ್ದರು. "ನಿಮ್ಮ ಭಾವನಿಗೆ ಹೊಸಿಲೂ ಕಾಣಲ್ಲ, ಹೆಂಡ್ತಿನೂ ಕಾಣಲ್ಲ," ಎಂದು ಅಕ್ಕ ಅಂದಾಗ ನಾನೂ ನಕ್ಕಿದ್ದೆ. ಚೈನ್ ಸರಿಸಿ, ನಾನೇ ಬಣ್ಣ ಹಚ್ಚಿ ಮುಚ್ಚಿಬಿಟ್ಟರೆ ಅವರೂ ಬಚಾವು, ನಾನೂ ಬಚಾವು. ಬ್ರಷ್ ಕೈಗೆ ತೆಗೆದುಕೊಂಡಿದ್ದೆ ಕೂಡ.

"ಭಾವ, ಇಲ್ಲಿ ಬನ್ನಿ." ಅವರ ಬೆರಳು ಹಿಡಿದು ಹಲ್ಲಿನ ಮೇಲಿಟ್ಟೆ. "ನೀವು ಬಣ್ಣ ಹಚ್ಚಿದ್ದು ಇದಕ್ಕೆ. ಗುರುತಿರೋದು ಪಕ್ಕದ್ದರಲ್ಲಿ."

ಅವರು ಉಗುರಿನಿಂದ ಬಹಳ ಹೊತ್ತು ತಡವಿದರು. ಬೈಯಲಿಲ್ಲ.

ಚೈನ್ ಸರಿಸಿ ಸ್ಟಾರ್ಟ್ ಮಾಡಿದರೆ ಮುಳ್ಳು ಹತ್ತೊಂಬತ್ತಕ್ಕೆ ಹೋಯಿತು. "ಎಷ್ಟಿದೆ?" ಎಂದರು ಭಾವ. ಗೇಜು ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.

ಮರುದಿನ ಕಣ್ಣಿನ ಡಾಕ್ಟರು ಸುತ್ತಿಬಳಸಿ ಮಾತಾಡಲಿಲ್ಲ. ನರ ಸತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ದಿನ ಇರುವುದಿಲ್ಲ. "ಎರಡು ವರ್ಷ ಮೊದಲೇ ಬಂದಿದ್ರೆ ಉಳಿಸಬಹುದಿತ್ತು," ಎಂದರು.

ಭಾವ ಮನೆಗೆ ಬರಲಿಲ್ಲ. "ಗೋದಾಮಿಗೆ ನಡಿ," ಎಂದರು. ದಾರಿಯಲ್ಲಿ ಒಂದೇ ಮಾತು: "ಅವತ್ತು ತಮ್ಮ ಕಟ್ಟಿದ ಇಂಜಿನ್ನಿಗೂ ಚುಕ್ಕೆ ಇಟ್ಟವನು ನಾನೇ ಕಣೋ."

ಗೇಟಿನ ಸ್ಟೂಲಿನಿಂದ ಭಾವನ ತಮ್ಮ ಎದ್ದು ನಿಂತ. ಭಾವ ಕಂಬಿ ಹಿಡಿದುಕೊಂಡು ಬಣ್ಣ, ಹಲ್ಲು, ಕಣ್ಣು ಎಲ್ಲವನ್ನೂ ಹೇಳಿದರು. ಡಾಕ್ಟರು ಹೇಳಿದ್ದನ್ನು ಮಾತ್ರ ಬಿಟ್ಟು.

"ಗೊತ್ತು ಅಣ್ಣ," ಎಂದ ತಮ್ಮ. "ಅವತ್ತೇ ಬಣ್ಣ ಒರೆಸಿ ನೋಡಿದ್ದೆ. ಎಲ್ಲರ ಮುಂದೆ ನಿನ್ನ ಮರ್ಯಾದೆ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ."

ಭಾವನ ಕೈ ಕಂಬಿಯಿಂದ ಜಾರಿತು. ತಮ್ಮ ನನ್ನ ಕಡೆ ತಿರುಗಿದ. "ಡಾಕ್ಟರು ಏನಂದ್ರು? ಗುಣ ಆಗುತ್ತಾ?"

ಭಾವ ನನ್ನ ಮಣಿಕಟ್ಟನ್ನು ಮೂಳೆ ನೋಯುವಷ್ಟು ಒತ್ತಿ ಹಿಡಿದರು. ಎರಡು ವರ್ಷ ಮೊದಲೇ ಬಂದಿದ್ದರೆ ಎಂಬ ಡಾಕ್ಟರ ಮಾತು ಇವನೆದುರು ಎತ್ತಬೇಡ ಎಂದು ಅರ್ಥ.

"ಹನಿ ಹಾಕಿದ್ರೆ ಸರಿಹೋಗುತ್ತಂತೆ," ಎಂದೆ.