ಟೇಕಿಗೆ ಕುಂಕುಮವಿಟ್ಟಾಕೆ

‘ನೋಟಿಸಿನ ಭಾಷೆ ಅರ್ಥವಾಗದ ಆ ನಿವಾಸಿಗಳು, ಚಾವಣಿಗೆ ಆಧಾರವಾಗಿ ನಿಲ್ಲಿಸಿದ ಕಂಬಕ್ಕೆ ಕುಂಕುಮವಿಟ್ಟು, ದೇವರು ಕಾಯುತ್ತಾನೆಂದು ನಂಬಿ ಒಳಗೇ ಉಳಿದರು.’

ಮುಂಬಯಿಯ ಸಯನ್‌ನಲ್ಲಿದ್ದ, ಬಾಡಿಗೆ ಕೋಣೆಗಳ ನಮ್ಮ ಹಳೆಯ ಚಾಳಿನ ಒಂದು ಮಗ್ಗುಲು ಕುಸಿದದ್ದರ ಬಗ್ಗೆ ಈಗ ಎಲ್ಲರೂ ಒಪ್ಪಿಕೊಂಡಿರುವ ಮಾತಿದು. ಇಂಗ್ಲಿಷಿನಲ್ಲಿ ಬರೆದವಳು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಜಟಿಲ ವಿಷಯವನ್ನು ತಿಳಿಯಾಗಿ ವಿವರಿಸಿದ್ದಕ್ಕೆ ವಿದ್ಯಾರ್ಥಿಗಳಿಗೆ ಕೊಡುವ ಬಹುಮಾನ ಈ ಲೇಖನಕ್ಕೆ ಬಂದಿದೆ. ಸಮಾರಂಭದ ಪುಸ್ತಿಕೆಯನ್ನು ಸೊಸೆ ತಂದುಕೊಟ್ಟಳು. ತೆರೆದೊಡನೆ ಹೊಸ ಮಸಿಯ ವಾಸನೆ, ಪುಟದ ತುಂಬ ಒಂದು ಚಿತ್ರ. ಕುಸಿಯದೆ ಉಳಿದ ಮಗ್ಗುಲಿನ ಪಡಸಾಲೆಯಲ್ಲಿ ಚಾವಣಿಗೆ ಆಸರೆಯಾಗಿ ನೆಟ್ಟಗೆ ನಿಂತ ಕಬ್ಬಿಣದ ಟೇಕು, ಅದರ ಮೇಲೊಂದು ಮಾಸಿದ ಬೊಟ್ಟು. ಅದು ಯಾರ ಬೆರಳಿನದೆಂದು ನನಗೆ ಗೊತ್ತು...

ಎದುರು ಕೋಣೆಯ ಆಕೆಯನ್ನು ಚಾಳೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ಉಡುಪಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಆಫೀಸಿಗೆ ಹೋಗುವವರಿಗೆ ಡಬ್ಬಿ ಊಟ ಮಾಡಿ ಕಳುಹಿಸುತ್ತಿದ್ದಳು. ನಾನು ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವನು. ಅಚ್ಚಾದದ್ದನ್ನೆಲ್ಲ ಅನುಮಾನಿಸುವ ಚಟ ಅಲ್ಲಿಂದಲೇ ಅಂಟಿತು. ಅದಕ್ಕಾಗಿ ಆಕೆ ನನ್ನನ್ನು ‘ವಕೀಲರೇ’ ಎಂದು ಕೆಣಕುತ್ತಿದ್ದಳು.

ಟೇಕು ನಿಲ್ಲಿಸಿದ ವರ್ಷ ಆಯುಧಪೂಜೆಯಂದು ಈಳಿಗೆ, ಮಿಕ್ಸಿ, ಒಲೆಗೆಲ್ಲ ಕುಂಕುಮವಿಟ್ಟ ಆಕೆ ಬಟ್ಟಲು ಹಿಡಿದುಕೊಂಡೇ ಪಡಸಾಲೆಗೆ ಬಂದಳು. ಟೇಕಿಗೂ ಒಂದು ಬೊಟ್ಟು, ಒಂದು ಗೊಂಡೆ ಹೂ.

‘ಇದಕ್ಕೂ ಪೂಜೆಯೇನಕ್ಕ?’ ಎಂದೆ.

‘ಮತ್ತೆಂತ ವಕೀಲರೇ? ಈ ಚಾಳಿನಲ್ಲಿ ರಜೆ ಇಲ್ಲದೆ ದುಡಿಯುದು ಇದೊಂದೇ ಅಲ್ವಾ. ಮಾಲಕರ ಹಣೆಗೆ ಇಡುವ ಅಂದ್ರೆ ಅವ್ರು ಕೈಗೆ ಸಿಗುದಿಲ್ಲ.’

ಪಡಸಾಲೆಯಲ್ಲಿ ಬಟ್ಟೆ ಒಣಹಾಕುತ್ತಿದ್ದವರೆಲ್ಲ ನಕ್ಕರು. ಚಿತ್ರದಲ್ಲಿ ಆ ನಗು ಕಾಣುವುದಿಲ್ಲ. ಅದರ ಕೆಳಗೆ ‘ಕುರುಡು ನಂಬಿಕೆ’ ಎಂದು ಅಚ್ಚಾಗಿದೆ.

ಕಟ್ಟಡ ಅಪಾಯದಲ್ಲಿದೆ, ಖಾಲಿ ಮಾಡಿ ಎಂಬ ನೋಟಿಸು ಬಂದದ್ದು ಮರಾಠಿಯಲ್ಲಿ. ಮುಂಬಯಿಯಲ್ಲಿ ಸಂಸಾರ ಹೂಡಿ ತಲೆ ನರೆತ ಹೆಂಗಸಿಗೆ ಮರಾಠಿ ಬಾರದೆಂದು ತೀರ್ಮಾನಿಸಿದವರು ಯಾರೋ. ಆಕೆ ತಾನೇ ಓದಿದಳು, ತೊಡಕೆನಿಸಿದಲ್ಲಿ ನನ್ನಿಂದ ಓದಿಸಿದಳು. ಕಂಬದೊಳಗಿನ ಸರಳಿಗೆ ತುಕ್ಕು ಹಿಡಿದಿದೆ, ಹೊರಗೆ ಬಳಿದ ಸಿಮೆಂಟಿನಿಂದ ಪ್ರಯೋಜನವಿಲ್ಲ ಎಂಬುದು ಇಡೀ ಚಾಳಿಗೆ ತಿಳಿದಿತ್ತು. ಪರೀಕ್ಷಿಸಲು ಬಂದ ಎಂಜಿನಿಯರನನ್ನು ಆಕೆ ಮೆಟ್ಟಿಲ ಬಳಿ ತಡೆದು ಹಿಂದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

‘ಕಂಬ ಬೀಳ್ತದೆ ಅಂತ ನೀವು ಬರೆದು ಕೊಟ್ರಿ. ಹೊಸತು ಕಟ್ಟಿದ ಮೇಲೆ ರೂಮು ನನಗೇ ಅಂತ ಯಾರು ಬರೆದು ಕೊಡ್ತಾರೆ?’

‘ಅದು ನನ್ನ ಕೆಲಸ ಅಲ್ಲ, ಬಾಯೀ’ ಎಂದು ಆತ ಇಳಿದುಹೋದ. ಯಾರ ಕೆಲಸವೆಂದು ಹೇಳಲು ಬೇರೆ ಯಾರೂ ಬರಲಿಲ್ಲ.

ನನಗೆ ಹೋಗಲು ವಿಲೆ ಪಾರ್ಲೆಯಲ್ಲಿ ಮಗನ ಮನೆಯಿತ್ತು, ಹೋದೆ. ಆಕೆಗಿದ್ದದ್ದು ಆ ಕೋಣೆಯೊಂದೇ. ಬಿಟ್ಟರೆ ಒಲೆಯೂ ಹೋಯಿತು, ಡಬ್ಬಿಯೂ ಹೋಯಿತು. ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ಆಕೆಯ ಮಗ್ಗುಲು ಕುಸಿಯಿತು. ಗುರುತು ಹಿಡಿಯಲು ಆಸ್ಪತ್ರೆಗೆ ನನ್ನನ್ನು ಕರೆದರು. ಮುಖ ತೋರಿಸಲಿಲ್ಲ. ಮುಂಗೈಯಲ್ಲಿ ಎಣ್ಣೆ ಸಿಡಿದ ಕಲೆಗಳಿದ್ದವು... ಹೌದು ಎಂದೆ.

ಆ ವಿದ್ಯಾರ್ಥಿನಿ ಬರೆಯುವ ಮೊದಲು ನನ್ನನ್ನೂ ಮಾತಾಡಿಸಿದ್ದಳು, ಇದನ್ನೆಲ್ಲ ಹೇಳಿದ್ದೆ. ಪುಸ್ತಿಕೆ ಓದಿದ ಮೇಲೆ ಫೋನು ಮಾಡಿದೆ.

‘ಅಂಕಲ್, ನೀವು ಹೇಳಿದ್ದು ರೆಕಾರ್ಡಿಂಗ್‌ನಲ್ಲಿ ಇದೆ’ ಎಂದಳು, ತಡವರಿಸುವ ಕನ್ನಡದಲ್ಲಿ. ‘ಲೇಕಿನ್ ರೂಮ್, ಓನರ್, ಹಕ್ಕು... ಸಬ್ ಹಾಕಿದ್ರೆ ಕಾಂಪ್ಲಿಕೇಟೆಡ್ ಆಗ್ತದೆ. ಕ್ಲಿಯರ್ ಇರ್ಬೇಕು ಅಂತ ಸರ್ ಹೇಳಿದ್ರು.’

ಆ ಹುಡುಗಿ ಕೆಟ್ಟವಳಲ್ಲ. ತಿಳಿಯಾಗಲೆಂದು ಸೋಸಿದಳು, ಅಕ್ಕನ ಪ್ರಶ್ನೆ ಚರಟದೊಂದಿಗೆ ಹೊರಗೆ ಹೋಯಿತು. ಈಗ ಓದಿದವರ ಪಾಲಿಗೆ ಅಕ್ಕ ದಡ್ಡತನದಿಂದ ಸತ್ತವಳು. ನನಗೆ ನುಂಗಲಾಗದ್ದು ಇದೊಂದು.

ನನ್ನ ಮಾತನ್ನೂ ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ಅಕ್ಕನ ನಾದಿನಿ ಕಾಂದಿವಲಿಯ ಟ್ರಾನ್ಸಿಟ್ ಕ್ಯಾಂಪಿನಲ್ಲಿದ್ದಾಳೆ. ತನ್ನ ಕಟ್ಟಡಕ್ಕೂ ಇಂಥದೇ ನೋಟಿಸು ಬಂದಾಗ ಹೇಳಿದಂತೆ ಕೇಳಿ ಹೊರಟವಳು. ತಾತ್ಕಾಲಿಕವೆಂದು ಕೊಟ್ಟ ಆ ಕೋಣೆಯಲ್ಲೇ ಮಕ್ಕಳನ್ನು ಬೆಳೆಸಿ ಮದುವೆ ಮಾಡಿದಳು; ಹಳೆಯ ಜಾಗದಲ್ಲಿ ಇಂದಿಗೂ ತಗಡಿನ ಬೇಲಿಯಿದೆ. ಹೋಗಿ ಇಬ್ಬರ ಸ್ಥಿತಿಯನ್ನೂ ಹೋಲಿಸಿ ನೋಡಬಹುದು. ಮೊನ್ನೆ ನಾನು ಹೋಗಿ ಆ ಲೇಖನವನ್ನು ಕನ್ನಡದಲ್ಲಿ ಓದಿ ಹೇಳಿದೆ.

‘ಅತ್ತಿಗೆಗೆ ಎಲ್ಲ ಅರ್ಥ ಆಗಿತ್ತು’ ಎಂದಳು ಆಕೆ. ‘ಅವ್ರು ನನ್ನನ್ನು ನೋಡಿಯೇ ರೂಮು ಬಿಡ್ಲಿಲ್ಲ.’