ಮೊದಲ ಕಲಂ: ಊಟ ಆತೇನ್ರಿ?

ಇವತ್ತು ಮಧ್ಯಾಹ್ನ ಮನೆಯ ಗಂಟೆ ಸದ್ದು ಮಾಡಿತು. ನನ್ನ ಬಾಗಿಲ ಗಂಟೆ ಒತ್ತುವವರು ಬಹುತೇಕ ಮೇಲಿನ ಮನೆ ಹುಡುಕಿಕೊಂಡು ಬಂದವರೇ ಆಗಿರುತ್ತಾರೆ. ಹಾಗಾಗಿ ‘ಇಲ್ಲಲ್ಲ, ಮೇಲೆ ಹೋಗಿ’ ಎನ್ನಲು ಬಾಯಿ ಸಿದ್ಧ ಮಾಡಿಕೊಂಡೇ ಬಾಗಿಲು ತೆಗೆದೆ. ನೋಡಿದರೆ ಪೊಲೀಸ್ ಚೌಕಿಯ ಹವಾಲ್ದಾರ್ ಸುನಂದಾಬಾಯಿ! ಹೆಗಲಿಗೆ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ. ಕಾಗದದ ಮೂಲೆಯಲ್ಲಿ ಹಳದಿ ಎಣ್ಣೆಯ ಕಲೆ. ಪ್ಲಾಸ್ಟಿಕ್ ಹೊದಿಸುವ ಮೊದಲೇ ಬಿದ್ದ ಕಲೆ ಅದು. ಇನ್ನು ಯಾರು ಒರೆಸಿದರೂ ಹೋಗದು. ಅದನ್ನು ನೋಡಿದ್ದೇ ತಡ, ನನ್ನ ಮೂಗಿಗೆ ಕಡಲೆಹಿಟ್ಟಿನ ಝುಣಕದ ವಾಸನೆ ಬಡಿಯಿತು.

ಆ ಕಾಗದದ ಕಥೆ ನಿಮಗೆ ಹೇಳಲೇಬೇಕು. ಕುಳಿತುಕೊಳ್ಳಿ, ನನಗಂತೂ ಬೇರೆ ಕೆಲಸವಿಲ್ಲ.

ವಿಜಯಪುರದ ಕಡೆಯಿಂದ ಪುಣೆಗೆ ಬಂದು, ಶಿವಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ತಲೆ ನರೆಸಿಕೊಂಡವನು ನಾನು. ಹೊರಗೆಲ್ಲ ಮರಾಠಿ, ಮನೆಯೊಳಗೆ ಕನ್ನಡ. ಮನೆಯೊಳಗಿನ ಕನ್ನಡ ಎಂದರೆ ನನ್ನ ಹೆಂಡತಿ ಸರೋಜಾ. ಮಕ್ಕಳಾಗಲಿಲ್ಲ. ಅವಳು ಹೋದ ಮೇಲೆ ಮನೆಯಲ್ಲಿ ಕನ್ನಡವೂ ನಿಂತುಹೋಯಿತು. ಕೆಲವು ದಿನ ಕುಕ್ಕರಿನ ಜೊತೆ ಮಾತಾಡಿ ನೋಡಿದೆ: ‘ಸಾಕು ಮಾಡವಾ, ಎಷ್ಟ್ ಸೀಟಿ ಹೊಡೀತಿ.’ ಆಮೇಲೆ ನನಗೇ ನಾಚಿಕೆಯಾಗಿ ಬಿಟ್ಟೆ.

ಹೀಗಿರುವಾಗ ಬಸ್ಸಿನಲ್ಲಿ ಮೊಬೈಲ್ ಕಳೆದುಕೊಂಡೆ. ದೂರು ಕೊಡಲು ಚೌಕಿಗೆ ಹೋದರೆ, ಅಲ್ಲಿನ ಸಾಹೇಬರು ನನ್ನ ಹೆಸರು, ಊರು ಕೇಳಿ ಕುರ್ಚಿ ಎಳೆದು ಕೂರಿಸಿದರು. ಮೊಬೈಲಿನ ಮಾತು ಅಲ್ಲೇ ಮುಳುಗಿತು. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರು ಚೌಕಿಗೆ ಬರುತ್ತಾರೆ, ಅವರ ಮಾತು ನಮಗೆ ತಿಳಿಯುವುದಿಲ್ಲ, ನಮ್ಮದು ಅವರಿಗೆ ತಿಳಿಯುವುದಿಲ್ಲ. ಕಳೆದುಹೋದವರ, ಸಿಕ್ಕವರ, ದೂರಿನ ಫಾರ್ಮುಗಳನ್ನು ಕನ್ನಡಕ್ಕೆ ಮಾಡಿಕೊಡಿ ಕಾಕಾ ಎಂದರು. ನನಗೆ ಬೇಕಾಗಿದ್ದೂ ಅದೇ, ಕನ್ನಡದಲ್ಲಿ ಏನಾದರೊಂದು ಕೆಲಸ.

ಮಾಡಿಕೊಟ್ಟೆ. ಏನು ಕನ್ನಡ ಅಂತೀರಿ! ‘ಅರ್ಜಿದಾರರ ಖಾಯಂ ವಾಸಸ್ಥಳದ ಸಂಪೂರ್ಣ ವಿವರ’, ‘ಸದರಿ ವ್ಯಕ್ತಿಯ ಚಹರೆಪಟ್ಟಿ’. ಜಂಬದಿಂದ ಎರಡೆರಡು ಸಲ ಓದಿಕೊಂಡೆ. ಮರುದಿನ ಒಬ್ಬ ಗಾರೆ ಕೆಲಸದವನು ಆ ಕಾಗದ ಹಿಡಿದು ಕಣ್ಣು ಕಣ್ಣು ಬಿಟ್ಟ. ‘ಇದ್ಯಾವ ಭಾಷೆರೀ ಸರ?’ ಎಂದು ನನ್ನನ್ನೇ ಕೇಳಿದ. ಅವನಿಗೆ ಓದು ಬಾರದು; ನಾನು ಓದಿ ಹೇಳಿದ ಮೇಲೆ ಕೇಳಿದ ಪ್ರಶ್ನೆ ಅದು.

ಆಗ ದಾರಿ ಬದಲಿಸಿದೆ. ನಮ್ಮ ಕಡೆಯ ಆಡುಮಾತನ್ನೇ ದೇವನಾಗರಿ ಅಕ್ಷರದಲ್ಲಿ ಬರೆದೆ. ಪೊಲೀಸರು ಅದನ್ನು ನೋಡಿ ಗಟ್ಟಿಯಾಗಿ ಓದಬೇಕು. ಎದುರಿನವರು ಹೌದು ಅಥವಾ ಇಲ್ಲ ಎಂದರೆ ಚೌಕದಲ್ಲಿ ಗುರುತು ಹಾಕಬೇಕು. ಸುನಂದಾಬಾಯಿ ಅಭ್ಯಾಸ ಮಾಡುವಾಗ ಇಡೀ ಚೌಕಿ ನಗುತ್ತಿತ್ತು. ಹೆಸರು ಕೇಳಿದೊಡನೆ ನಮ್ಮವರು ಹೆದರಿ ಬಾಯಿ ಕಟ್ಟಿಕೊಳ್ಳುತ್ತಾರೆಂದು, ಮೊದಲ ಕಲಮಿನಲ್ಲೇ ‘ಊಟ ಆತೇನ್ರಿ?’ ಎಂದು ಹಾಕಿದ್ದೆ. ‘ಸರಕಾರಿ ಫಾರ್ಮಿನಲ್ಲಿ ಇದೆಂಥದು ಕಾಕಾ?’ ಎಂದರು ಸಾಹೇಬರು. ‘ನಮ್ಮ ಕಡೆ ಮಾತು ಶುರುವಾಗೋದೇ ಇಲ್ಲಿಂದ’ ಎಂದೆ, ದೊಡ್ಡ ಪಂಡಿತನ ಹಾಗೆ.

ಒಂದು ದಿನ ಸಂಜೆಯಾಗುವ ಹೊತ್ತಿಗೆ ನನ್ನ ಹೊಸ ಮೊಬೈಲಿಗೆ ಚೌಕಿಯಿಂದ ಕರೆ ಬಂತು. ಶಿವಾಜಿನಗರ ಸ್ಟೇಷನ್ನಿನಲ್ಲಿ ಒಬ್ಬ ಅಜ್ಜಿ ಸಿಕ್ಕಿದ್ದಾಳೆ, ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದಾಳೆ, ಊರು ಹೊಸೂರು ಅಂದಳು, ಅಷ್ಟೇ, ಮುಂದೆ ಮಾತಿಲ್ಲ. ಹೊಸೂರು! ಕರ್ನಾಟಕದಲ್ಲಿ ಯಾವ ದಿಕ್ಕಿಗೆ ಕಲ್ಲೆಸೆದರೂ ಒಂದು ಹೊಸೂರಿಗೆ ಬೀಳುತ್ತದೆ. ಕತ್ತಲಾಗುವುದರೊಳಗೆ ಯಾರೂ ಸಿಗದಿದ್ದರೆ ಗಾಡಿ ಬಂದು ಅವಳನ್ನು ನಿರಾಶ್ರಿತರ ಮನೆಗೆ ಒಯ್ಯುತ್ತದೆ ಎಂದರು ಸಾಹೇಬರು. ಭಾಷೆ ಬಾರದ ಜಾಗಕ್ಕೆ ಒಮ್ಮೆ ಹೋಗಿ ಸೇರಿದರೆ ಆಮೇಲೆ ಅವಳನ್ನು ಹುಡುಕುವವರು ಯಾರು?

ಹೋದೆ. ಇಳಕಲ್ಲ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು ಬೆಂಚಿನ ತುದಿಯಲ್ಲಿ ಕೂತಿದ್ದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ನೆಲ ನೋಡುತ್ತಿದ್ದಳು. ಮತ್ತೆ ಮತ್ತೆ ನೀರು ಕೇಳುತ್ತಿದ್ದಳು. ನಾನು ಫಾರ್ಮು ತೆಗೆದು ನೋಡಿದೆ. ಮೊದಲ ಕಲಮಿನಲ್ಲಿ ‘ಹೌದು’ ಎಂಬಲ್ಲಿ ಸುನಂದಾಬಾಯಿಯ ಅಚ್ಚುಕಟ್ಟಾದ ಗುರುತು.

“ಊಟ ಆತೇನ್ರಿ ಅಂತ ಕೇಳಿದೆ ಕಾಕಾ. ಆತ್ರಿ ಅಂದಳು,” ಎಂದರು ಅವರು ಮರಾಠಿಯಲ್ಲಿ.

ಅಯ್ಯೋ ಶಿವನೇ! ಪರವೂರಿನಲ್ಲಿ, ಪರಕೀಯರು ಊಟ ಆಯಿತೇ ಎಂದು ಕೇಳಿದರೆ ನಮ್ಮ ಕಡೆಯ ಯಾವ ಹೆಣ್ಣುಮಗಳು ಇಲ್ಲ ಅಂದಾಳು? ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ‘ಆತ್ರಿ’ ಎನ್ನುತ್ತಾಳೆ. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ ಇದು. ಆದರೂ ನಾನು ಆ ಮಾತಿನ ಮುಂದೆ ಎರಡು ಚೌಕ ಬರೆದು, ಗುರುತು ಹಾಕಿ ಎಂದು ಕೊಟ್ಟಿದ್ದೆ. ಎಂಥ ಶಾಣ್ಯಾ ನಾನು!

ಇದನ್ನು ಹೇಳಿದೊಡನೆ ಸುನಂದಾಬಾಯಿ ಹಣೆ ಚಚ್ಚಿಕೊಂಡರು. “ನಮ್ಮ ಅವ್ವನೂ ಹಾಗೇ ಕಾಕಾ. ಕಾಗದದಲ್ಲಿ ಬರೆದಿತ್ತಲ್ಲ, ಅದಕ್ಕೇ ನಾನು ನಂಬಿಬಿಟ್ಟೆ,” ಎಂದವರೇ ತಮ್ಮ ಡಬ್ಬಿ ತಂದು ಬೆಂಚಿನ ಮೇಲೆ ಬಿಚ್ಚಿದರು. ರೊಟ್ಟಿ, ಝುಣಕ, ಹಸಿಮೆಣಸಿನಕಾಯಿ ಖಾರ. ಅಜ್ಜಿ ಮುಖ ತಿರುಗಿಸಿದಳು. ನಾನು ಅವಳ ಪಕ್ಕ ಕೂತು ಒಂದು ತುತ್ತು ಮುರಿದುಕೊಂಡೆ.

“ಬರ್ರಿ ಯವ್ವಾ, ಜೋಡೀಲೆ ಉಣ್ಣೂಣು. ನಂದೂ ಆಗಿಲ್ಲ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೈ ಚಾಚಿದಳು. ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಅವಳ ಬೆರಳಿನ ಎಣ್ಣೆ ಹತ್ತಿ ಪಕ್ಕದಲ್ಲಿದ್ದ ಫಾರ್ಮಿನ ಮೂಲೆ ಹಳದಿಯಾಯಿತು. ಎರಡನೆಯ ರೊಟ್ಟಿಗೆ ಮಾತು ಬಂತು. ಊರಿನವರ ಸಂಗಡ ಮಗಳ ಹತ್ತಿರ ಹೊರಟಿದ್ದಳಂತೆ. ಮಗಳು ಎಲ್ಲೋ ಕಟ್ಟಡ ಕಟ್ಟುತ್ತಾಳೆ. ಲೋಕಲ್ ಗಾಡಿಯಲ್ಲಿ ಮಂದಿ ಇಳಿಯುವಾಗ ನೂಕಿದ್ದಕ್ಕೆ ತಾನೂ ಇಳಿದುಬಿಟ್ಟಳು, ಗಾಡಿ ಹೋಗಿಬಿಟ್ಟಿತು.

“ಸಂತಿಗೆ ಎಲ್ಲಿಗೆ ಹೋಗ್ತೀರಿ ಯವ್ವಾ?”

“ತಾಳಿಕೋಟಿಗಿ. ಮತ್ತೆಲ್ಲಿಗಿ ಹೋಗೂದು?” ಎಂದಳು, ಇಷ್ಟೂ ತಿಳಿಯದವನೇ ಎಂಬಂತೆ.

ಯಾವ ಹೊಸೂರೆಂದು ತಿಳಿಯಲು ಅಷ್ಟು ಸಾಕಾಯಿತು. ಸಾಹೇಬರು ತಾಳಿಕೋಟಿ ಠಾಣೆಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಅಲ್ಲಿಂದ ಹೊಸೂರಿಗೆ, ಹೊಸೂರಿನಿಂದ ಮಗಳ ಮೊಬೈಲಿಗೆ. ದೀಪ ಹತ್ತುವ ಹೊತ್ತಿಗೆ ಅದೇ ಲೋಕಲ್ ದಾರಿಯಲ್ಲಿ ಮುಂದಿರುವ ತಳೇಗಾಂವ ದಾಭಾಡೆಯಿಂದ ಮಗಳು ಓಡಿ ಬಂದಳು, ಕೈಗೆ ಹತ್ತಿದ ಸಿಮೆಂಟನ್ನೂ ತೊಳೆದಿರಲಿಲ್ಲ. ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ, ‘ಎಲ್ಲಿ ಇಳದಿದ್ದಿ ಯವ್ವಾ, ಜೀವಾನ ಹೋಗಿತ್ತು ನಂದು’ ಎಂದು ಬೈಯುತ್ತ ತಾಯಿಯ ಸೆರಗು ಗಟ್ಟಿಯಾಗಿ ಹಿಡಿದುಕೊಂಡಳು.

ಹೋಗುವಾಗ ಅಜ್ಜಿ ತಿರುಗಿ ನಿಂತಳು. “ಮನ್ಯಾಗ ಯಾರ್ ಯಾರ್ ಅದಾರ್ರಿ ಯಪ್ಪಾ?”

“ಎಲ್ಲಾರೂ ಅದಾರಬೇ,” ಎಂದೆ. ಅದೂ ಅವಳ ‘ಆತ್ರಿ’ಯ ಜಾತಿಯದೇ ಮಾತು. ಆ ಸಂಜೆ ಮನೆಗೆ ಬಂದು ಬಹಳ ಹೊತ್ತು ದೀಪ ಹಾಕದೆ ಕೂತಿದ್ದೆ. ಒಂದು ತಾಸು ಬಾಯಿ ತುಂಬ ಕನ್ನಡ ಆಡಿದ್ದಕ್ಕೆ ಮನೆ ಮೊದಲಿಗಿಂತ ಖಾಲಿಯಾಗಿ ಕಂಡಿತು.

ಮರುದಿನ ಅದೇ ಕಲೆಯಾದ ಫಾರ್ಮಿನ ಮೊದಲ ಕಲಮಿನ ಎರಡು ಚೌಕ ಹೊಡೆದುಹಾಕಿ, ಕೆಳಗೆ ಮರಾಠಿಯಲ್ಲಿ ಬರೆದೆ: ‘ಆಯಿತು ಎಂದರೂ ನಂಬಬಾರದು. ತಾಟು ಇಟ್ಟು, ಮುಂದಿನ ಸಾಲು ಓದಬೇಕು.’ ಅದರ ಕೆಳಗೆ ಆ ಸಂಜೆಯ ಮಾತುಗಳನ್ನೇ ಎರಡು ಸಾಲು ಸೇರಿಸಿದೆ. ಸಾಹೇಬರು ತಲೆ ಕೆರೆದುಕೊಂಡರು. ಆದರೆ ಸುನಂದಾಬಾಯಿ ಆ ಹಾಳೆಯನ್ನೇ ಒಯ್ದು ಪ್ಲಾಸ್ಟಿಕ್ ಹೊದಿಸಿಕೊಂಡು ಬಂದರು.

ಅದೇ ಕಾಗದ ಇವತ್ತು ನನ್ನ ಬಾಗಿಲಿಗೆ ಬಂದಿದೆ ನೋಡಿ. ಒಬ್ಬೊಬ್ಬರೇ ಇರುವ ಹಿರಿಯರ ಮನೆಗೆ ಹೋಗಿ ವಿಚಾರಿಸುವ ಕೆಲಸವಂತೆ.

“ಮರಾಠಿಯಲ್ಲೇ ಕೇಳಿ ಬಾಯಿ, ನನಗೇನು ಬಾರದೇ?”

“ಕರ್ನಾಟಕದವರಿಗೆ ಇದೇ ಕಾಗದ ಅಂತ ಬರೆದವರು ನೀವೇ ಕಾಕಾ,” ಎಂದು ಕುರ್ಚಿಯಲ್ಲಿ ಕೂತು, ಶಾಲೆಯ ಹುಡುಗಿಯ ಹಾಗೆ ಬೆರಳಿಟ್ಟು ಓದಿದರು. “ಊಟ... ಆತೇನ್ರಿ?”

ಬೆಳಿಗ್ಗೆಯಿಂದ ಎರಡು ಕಪ್ ಚಹಾ ಬಿಟ್ಟರೆ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಬ್ಬನಿಗೋಸ್ಕರ ಒಲೆ ಹಚ್ಚಲು ಬೇಸರ. “ಆತ್ರಿ,” ಎಂದೆ. ನಾಲಿಗೆ ತನ್ನಷ್ಟಕ್ಕೇ ಹೇಳಿಬಿಟ್ಟಿತು.

ಸುನಂದಾಬಾಯಿ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಮುಂದಿನ ಸಾಲಿಗೆ ಬೆರಳು ಜಾರಿಸಿದರು. “ಬರ್ರಿ, ಜೋಡೀಲೆ... ಉಣ್ಣೂಣು.”

ಅಡುಗೆಮನೆಗೆ ಹೋಗಿ ತಾಟು ತಂದೆ. ಸರೋಜಾಳ ತಾಟನ್ನೂ ತಂದೆ. ಅವಳು ಹೋದ ಮೇಲೆ ಅದು ಕೆಳಗಿಳಿದಿರಲಿಲ್ಲ; ತೊಳೆಯಬೇಕಾಯಿತು. ನಲ್ಲಿಯ ಕೆಳಗೆ ಹಿಡಿದು ನಿಂತು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಬಂದು ಕೂತಾಗ ಸುನಂದಾಬಾಯಿ ನನ್ನ ಮುಖ ನೋಡಿದರೂ ನೋಡದವರ ಹಾಗೆ ರೊಟ್ಟಿ ಮುರಿದು ಹಾಕಿದರು, ಎಡಗೈಯಲ್ಲಿ ಕಾಗದ ಹಿಡಿದು ಇನ್ನೊಂದು ಸಾಲು ಓದಿದರು.

“ಮನ್ಯಾಗ ಯಾರ್ ಯಾರ್ ಅದಾರ್ರಿ?”

ಎಲ್ಲಾರೂ ಅದಾರ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ತುತ್ತು ನುಂಗಿದೆ.

“ಯಾರೂ ಇಲ್ರಿ,” ಎಂದೆ. “ನಾ ಒಬ್ಬನ ಅದೀನಿ.”

ಅವರು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ಇನ್ನೊಂದು ರೊಟ್ಟಿ ನನ್ನ ತಾಟಿಗೆ ಹಾಕಿದರು, ನಾನು ಸಾಕು ಎಂದರೂ ನಂಬದೆ.