ಒನೀಡಾ ಅಳೆದು ಹಾಕುತ್ತಿದ್ದ ಮದ್ದು

ವರ್ಜೀನಿಯಾದ ಶೆನಂಡೋವಾ ಕಣಿವೆಯಲ್ಲಿ ಹಳೆಯ ಕೇಪಿನ ಕೋವಿ ಹಿಡಿದವರಿಗೆಲ್ಲ ಹಾರ್ಲನ್ ರಿಂಕರ್ ಗೊತ್ತು. ಮುತ್ತಜ್ಜಂದಿರ ಕಾಲದ ಅಂತರ್ಯುದ್ಧದಲ್ಲಿ ಕುದುರೆ ಸವಾರರು ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದ ಗಿಡ್ಡ ಕೋವಿಗಳವು. ಅವಕ್ಕೆ ತೋಟಾವನ್ನು ಮನೆಯಲ್ಲೇ ತುಂಬಬೇಕು. ಊರಿನ ತಂಡ ಗುಂಡು ಹೊಡೆದು ಮಡಕೆ ಒಡೆಯುವ ಪಂದ್ಯಕ್ಕೆ ಹೊರಟರೆ ಎಲ್ಲರ ಚೀಲದಲ್ಲೂ ಹಾರ್ಲನ್‌ನ ತೋಟಾಗಳೇ.

ಹಾರ್ಲನ್‌ನವು ಎಂದರೆ ಅರ್ಧ ಸುಳ್ಳು. ಗ್ಯಾರೇಜಿನ ಬೆಂಚಿನ ಎಡಕ್ಕೆ ಹೆಂಡತಿ ಒನೀಡಾ, ಬಲಕ್ಕೆ ಅವನು. ತೋಟಾದ ಖಾಲಿ ಕೊಳವೆಗೆ ಅವಳು ಸಿಡಿಮದ್ದು ಅಳೆದು ಹಾಕಿ ಅವನತ್ತ ಸರಿಸುವಳು. ಮದ್ದು ಅಲುಗದಂತೆ ಅದರ ಮೇಲೆ ಉಳಿದ ಜಾಗಕ್ಕೆ ಅವನು ಕೊಳವೆಯ ಗೀಟಿನ ತನಕ ಅಡುಗೆಯ ರವೆ ತುಂಬಿ, ತಾನೇ ಎರಕ ಹೊಯ್ದ ಸೀಸದ ಗುಂಡಿಗೆ ಮೇಣ ಸವರಿ ಒತ್ತುವನು. ಮದುವೆಯಾದಾಗಿನಿಂದ ಹೀಗೇ.

"ಬೇಗ ಒತ್ತೋ ಮಾರಾಯ, ಆ ರವೇಲಿ ಗಂಜಿ ಬೇಯಿಸ್ತಾ ಕೂತಿದ್ದೀಯಾ?" ಎಂದು ಅವಳು ಛೇಡಿಸುವಳು.

ಕಳೆದ ಚಳಿಗಾಲದಲ್ಲಿ ಒನೀಡಾ ನ್ಯುಮೋನಿಯಾದಿಂದ ತೀರಿಕೊಂಡಳು. ಇಬ್ಬರೂ ಕೊನೆಯ ಸಲ ಕೂತು ತುಂಬಿದ ತೋಟಾಗಳು ಒಂದು ಮರದ ಪೆಟ್ಟಿಗೆಯಲ್ಲಿದ್ದವು. ಅದು ಬರಿದಾಗುವುದನ್ನು ನೋಡಲಾರದೆ, ತಂಡದವರು ಒಯ್ದಷ್ಟನ್ನೂ ಹಾರ್ಲನ್ ಒಬ್ಬನೇ ಕೂತು ತುಂಬಿ ಅದರಲ್ಲೇ ಹಾಕುತ್ತ ಬಂದ.

ವಸಂತದ ಪಂದ್ಯದಲ್ಲಿ ತಂಡದ ಮುಂದಾಳು ಲಾಯ್ಡ್, ಒನೀಡಾಳ ತಮ್ಮ, ಗುರಿಯಿಟ್ಟ. ಮದ್ದಿಗೆ ಕಿಡಿ ಕೊಡುವ ಕೇಪು ಟಪ್ಪೆಂದಿತು, ಗುಂಡು ಹಾರಲಿಲ್ಲ. ಇನ್ನೊಂದು ಕೇಪಿಟ್ಟ. ಮತ್ತೆ ಬರೀ ಟಪ್.

"ಲಾಯ್ಡಾ, ಹೆದರಿಸಿದ್ರೆ ಮಡಕೆ ಒಡೆಯುತ್ತೇನೋ?" ಎಂದು ಪಕ್ಕದ ತಂಡದವನೊಬ್ಬ ಕೂಗಿದ.

ಪಂದ್ಯ ಮುಗಿದ ಮೇಲೆ ಲಾಯ್ಡ್ ಆ ತೋಟಾದ ಗುಂಡು ಕಿತ್ತು ಅಂಗೈಗೆ ಸುರಿದುಕೊಂಡ. ಬುಡದ ತನಕ ರವೆ. ಮದ್ದಿನ ಒಂದು ಕಾಳೂ ಇರಲಿಲ್ಲ.

ಮರುದಿನ ಅದನ್ನು ಹಿಡಿದುಕೊಂಡೇ ಗ್ಯಾರೇಜಿಗೆ ಬಂದ. "ಏನ್ ಭಾವ, ನಮ್ಮನ್ನ ಪಂದ್ಯಕ್ಕೆ ಕಳಿಸ್ತೀಯೋ, ತಿಂಡಿಗೆ ಕಳಿಸ್ತೀಯೋ?"

ಹಾರ್ಲನ್ ನಗಲಿಲ್ಲ. ಖಾಲಿ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮದ್ದು ಹಾಕಿದಾಳೆ ಅಂದ್ಕೊಂಡೆ," ಎಂದ.

ಲಾಯ್ಡ್‌ಗೆ ಹೇಳದೆ ವಿಧಿಯಿರಲಿಲ್ಲ. "ಇದರಲ್ಲಿ ಪೂರ್ತಿ ರವೆ, ಹೇಗೋ ಆಯ್ತು. ಇನ್ನೊಂದ್ರಲ್ಲಿ ಚಿಟಿಕೆ ಮದ್ದು ಬಿದ್ದಿದ್ರೆ? ಗುಂಡು ನಳಿಗೇಲೇ ಸಿಕ್ಕೊಳುತ್ತೆ. ಗೊತ್ತಾಗ್ದೆ ಹಿಂದೇನೇ ಮತ್ತೊಂದು ಹೊಡೆದ್ರೆ ಕೋವಿ ಸಿಡಿದು ಯಾರ ಮುಖ ಹೋಗುತ್ತೋ. ಪೆಟ್ಟಿಗೇಲಿರೋದನ್ನೆಲ್ಲ ಬಿಚ್ಚಬೇಕು ಭಾವ."

"ಬಿಚ್ಚು. ಅವಳು ತುಂಬಿದ್ದನ್ನ ಬಿಟ್ಟು ಬಿಚ್ಚು."

"ಅವಳದು ಯಾವುದು?"

ಹಾರ್ಲನ್ ಪೆಟ್ಟಿಗೆಯ ಮೇಲೆ ಬಗ್ಗಿದ. ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ, ಇಟ್ಟ. ಮತ್ತೊಂದನ್ನೆತ್ತಿದ. ಅದೇ ಸೀಸ, ಅದೇ ಮೇಣ, ಒತ್ತಿದ್ದೂ ತನ್ನದೇ ಹೆಬ್ಬೆರಳು.

"ತಕ್ಕಡೀಲಿ ತೂಗೋಣ್ವಾ?"

"ಮದ್ದೂ ರವೇನೂ ಹೆಚ್ಚುಕಮ್ಮಿ ಒಂದೇ ತೂಕ ಕಣೋ. ಏನು ಗೊತ್ತಾಗುತ್ತೆ?" ಹಾರ್ಲನ್ ಕುಸಿದು ಕೂತ. "ಬೇರೆ ಪೆಟ್ಟಿಗೆ ತಗೊಳ್ಳೋಕೆ ನನಗೇನಾಗಿತ್ತು!"

"ಒಂದನ್ನಾದ್ರೂ ಇಟ್ಕೋ ಭಾವ. ಹೊಡೆಯೋಕಲ್ಲ, ಸುಮ್ನೆ."

"ಅದೂ ನಾನೇ ತುಂಬಿದ್ದಾಗಿದ್ರೆ?"

ಇಬ್ಬರೂ ಬಿಚ್ಚುತ್ತ ಕೂತರು. ಗುಂಡು ಸೀಸ ಕರಗಿಸುವ ಪಾತ್ರೆಗೆ, ಒಳಗಿನದು ನೀರಿನ ಬಕೆಟ್ಟಿಗೆ. ರವೆ ಸುರಿದು ಅದರ ಹಿಂದೆ ಕರೀ ಮದ್ದು ಬಿದ್ದಾಗಲೆಲ್ಲ ಇದು ಅವಳದಿರಬಹುದು ಎಂದು ಹಾರ್ಲನ್‌ನ ಕೈ ತಡೆದು ನಿಲ್ಲುತ್ತಿತ್ತು. ಮತ್ತೆ ಮುಂದಿನದಕ್ಕೆ ಹೋಗುತ್ತಿತ್ತು. ನಡುನಡುವೆ ಬರೀ ರವೆ ಉದುರಿದವೂ ಇದ್ದವು. ಆಗ ಲಾಯ್ಡ್ ಬೇರೆಲ್ಲೋ ನೋಡುತ್ತಿದ್ದ.

ಪೆಟ್ಟಿಗೆ ಬರಿದಾಯಿತು. ಲಾಯ್ಡ್ ಎಡಗಡೆಯ ಸ್ಟೂಲಿನತ್ತ ಸರಿದ. "ಇನ್ಮುಂದೆ ಮದ್ದು ನಾನು ಹಾಕ್ತೀನಿ ಭಾವ. ನೀನು ರವೆ ತುಂಬಿ ಒತ್ತು."

"ಬೇಡಪ್ಪ," ಎಂದ ಹಾರ್ಲನ್. "ಆ ಕಡೆಯಿಂದ ಕೈ ಬಂದ್ರೆ ಮತ್ತೆ ಅವಳದೇ ಅಂದ್ಕೊಳ್ತೀನಿ. ಇನ್ಮುಂದೆ ನೀವೇ ತುಂಬ್ಕೊಳ್ಳಿ."

ಗುಂಡು ಎರಕ ಹೊಯ್ಯುವ ಅಚ್ಚನ್ನು ಬಟ್ಟೆಯಲ್ಲಿ ಒರೆಸಿ ಲಾಯ್ಡ್‌ನ ಕೈಗಿಟ್ಟ.